ಚಿಲಕದ ಸದ್ದು

ನಮ್ಮ ಸೋದರತ್ತೆ ಬಾಳೆಲ್ಲ ಕಳೆದದ್ದು ಮೊಳಕಾಲ್ಮುರಿನ ಮಗ್ಗದ ಮನೆಯಲ್ಲೇ. ಮರೆವು ಹೆಚ್ಚಾದ ಮೇಲೆ ಮಗ, ಅಂದರೆ ನಮ್ಮ ಭಾವ, ಚಳ್ಳಕೆರೆಗೆ ಕರೆತಂದ. ಅರಳುಮರಳು ಅಂತ ನಾವೂ ಸುಮ್ಮನಿದ್ದೆವು. ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ ಡಿಮೆನ್ಷಿಯಾ, ಅದೂ ನಗರಕ್ಕಿಂತ ಹಳ್ಳಿಯಲ್ಲೇ ಜಾಸ್ತಿ ಎಂಬ ದೇಶದ ಅಂದಾಜು 2023ರಲ್ಲಿ ಬಂತು. ಆಗ ನಮಗೆ ಅದೆಲ್ಲಿ ಗೊತ್ತು!

ಮನೆಯವರು ಕಡ್ಡಿ ಎತ್ತಿಡಲೂ ಬಿಡದಷ್ಟು ಚೆನ್ನಾಗಿ ನೋಡಿಕೊಂಡರು. ಅತ್ತೆ ಹಗಲೆಲ್ಲ ಮಂಕು. ದೀಪ ಹಚ್ಚುವ ಹೊತ್ತಿಗೆ ಎದ್ದು ಬಾಗಿಲ ಚಿಲಕ ಜಗ್ಗುತ್ತಿದ್ದಳು: "ಮಗ್ಗ ನಿಂತೈತೆ, ಬಿಡ್ರೋ!" ತಡೆದರೆ ಬೈಗುಳ, ಕನ್ನಡದಲ್ಲೊಂದು, ತೆಲುಗಿನಲ್ಲೊಂದು. ನಿದ್ದೆ ಮಾತ್ರೆ ಕೊಟ್ಟರು. ಜೋಲಿ ಹೊಡೆದು ಬಚ್ಚಲಲ್ಲಿ ಬಿದ್ದಳು.

ಮುಂಗಾರಿಗೆ ಮುಂಚೆ, ಬಿತ್ತನೆ ಶೇಂಗಾ ಸುಲಿಯೋ ಕಾಲ. ಪಕ್ಕದ ಮನೆಯಾಕೆ ಒಂದು ಸಂಜೆ ಪಡಸಾಲೆಯಲ್ಲಿ ಚೀಲ ಸುರುವಿ, "ಬಾರಮ್ಮೋ, ನನ್ನೊಬ್ಬಳ ಕೈಲಿ ಆಗಾಕಿಲ್ಲ" ಅಂದಳು. ಅತ್ತೆ ಚಿಲಕ ಬಿಟ್ಟು ಬಂದು ಕೂತಳು. ಕಾಯಿಯ ಮೂತಿ ಹೆಬ್ಬೆರಳಲ್ಲಿ ಒತ್ತಿ ಪಟ್ ಅನ್ನಿಸಿ, ಬೀಜ ಮೊರಕ್ಕೆ, ಸಿಪ್ಪೆ ಮಗ್ಗುಲಿಗೆ. ಅನುಮಾನ ಬಂದದ್ದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಜೊಳ್ಳಾದರೆ ಎಸೆಯುತ್ತಿದ್ದಳು. ಗೌರಸಮುದ್ರದ ಮಾರಮ್ಮನ ಜಾತ್ರೆಯ ಮಾತು ಬಂತು. ಅತ್ತೆ ಇದ್ದದ್ದು ಇಲ್ಲದ್ದು ಎಲ್ಲ ಸೇರಿಸಿದಳು. ಯಾರೂ ತಿದ್ದಲು ಹೋಗಲಿಲ್ಲ. ಊಟದ ಹೊತ್ತಾದರೂ ಬಾಗಿಲ ಕಡೆ ತಿರುಗಲಿಲ್ಲ.

ಹೊಸ ನೆನಪು ಕೂಡಿಡುವ ಹಿಪ್ಪೊಕ್ಯಾಂಪಸ್‌ಗೆ ಆಲ್ಜೈಮರ್ಸ್ ಮೊದಲೇ ಪೆಟ್ಟು ಕೊಡುತ್ತದೆ, ಕೈಗೆ ಹತ್ತಿದ ಕೆಲಸ ಮಿದುಳಿನ ಬೇರೆ ಕಡೆ ಇರುವುದರಿಂದ ಬಹಳ ಕಾಲ ಉಳಿಯುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು.

ಭಾವ ಹುರುಪಿನಿಂದ ಮೊಳಕಾಲ್ಮುರಿನ ಹಳೇ ರಾಟೆಯನ್ನೇ ತರಿಸಿ, ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಲೆಂದು ಕೋಣೆಯಲ್ಲಿ ಕೂರಿಸಿದ. ಗಳಿಗೆ ಹೊತ್ತು ಸುತ್ತಿದವಳು ರಾಟೆಯನ್ನು ಕಾಲಲ್ಲಿ ನೂಕಿದಳು. ಮಗ್ಗದ ಮನೆಯಲ್ಲಿ ಯಾರು ಒಬ್ಬರೇ ದುಡಿದಾರು? ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಗಂಡ ಕೂಗಿದರೆ ತುಂಬಿದ ಕಂಡಿಕೆ ಕೊಡಲು ಹೆಂಡತಿ ಅಲ್ಲೇ ಇರಬೇಕು. ಮೊಮ್ಮಗಳು ಎದುರಿಗೆ ಕೂತು, "ಅಜ್ಜಿ, ಇದು ಮುಗೀತು, ಇನ್ನೊಂದು ಕೊಡು" ಎನ್ನತೊಡಗಿದ ಮೇಲೆ ರಾಟೆ ತಿರುಗಿತು. "ಇರೇ, ಸಡಿಲ ಸುತ್ತಿದ್ರೆ ಲಾಳಿಯೊಳಗೆ ಸಿಕ್ಕಾಗ್ತೈತೆ" ಎಂಬ ಬುದ್ಧಿಮಾತು ಬೇರೆ.

ಕಾಯಿಲೆಯೇನೂ ನಿಲ್ಲಲಿಲ್ಲ. ಬರಬರುತ್ತ ರಾಟೆ ಯಾತಕ್ಕೆಂಬುದೂ ತಿಳಿಯದಾಯಿತು. ಮಾತ್ರೆಯನ್ನು ಮಾತ್ರ ಡಾಕ್ಟರು ಆ ಮಳೆಗಾಲದಲ್ಲೇ ನಿಲ್ಲಿಸಿದ್ದರು. ಸಂಜೆಯಾದರೆ ಪಕ್ಕದಾಕೆ, ಆಕೆ ಬಾರದಿದ್ದರೆ ಮೊಮ್ಮಗಳು, ಬಂದು ಕೂರುತ್ತಿದ್ದರು.