ವುಹಾನ್ ಓದಿದೆ, ನಮ್ಮ ಅಂಗಳ ನೋಡಲಿಲ್ಲ

ವುಹಾನ್ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಕೊರೊನಾ. ನನಗೆ ಮಾತ್ರ ನೆನಪಾಗೋದು ಬುಕ್ಕಸಾಗರದ ನಮ್ಮ ಮನೆ ಅಂಗಳ, ಮತ್ತು ಪಕ್ಕದ ಮನೆ ದೊಡ್ಡವ್ವನ ಒದ್ದೆಯಾದ ಜೋಳದ ಚೀಲ. ಎಲ್ಲಿಯ ಚೀನಾ, ಎಲ್ಲಿಯ ಬುಕ್ಕಸಾಗರ ಅಂತೀರಾ? ಸ್ವಲ್ಪ ಹಿಂದಿನಿಂದ ಹೇಳಬೇಕು.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾಗಿದ್ದು ನಿಮಗೂ ನೆನಪಿರಬಹುದು. ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು ಟಿವಿಯಲ್ಲೆಲ್ಲ ಬಂತು. ಹಾಗೆ ಹೋದವರಲ್ಲಿ ನಾನೂ ಒಬ್ಬ. ಊರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಬೆಳೆದವನಿಗೆ ಅದೇನು ಹೊಸದಲ್ಲ, ಲ್ಯಾಪ್‌ಟಾಪ್ ಬ್ಯಾಗನ್ನು ತಲೆ ಮೇಲೆ ಹೊತ್ತು ನಿಂತಿದ್ದೇ ಹೊಸದು.

ನಮ್ಮ ಆಫೀಸಿನಲ್ಲಿ ತಿಂಗಳಿಗೊಬ್ಬರು ಕೆಲಸಕ್ಕೆ ಸಂಬಂಧವಿಲ್ಲದ ಒಂದು ವಿಷಯ ಓದಿಕೊಂಡು ಬಂದು ಎಲ್ಲರಿಗೂ ಹೇಳುವ ರೂಢಿ ಇದೆ. ನನ್ನ ಸರದಿ ಬಂದಾಗ, ಬೇರೆ ದೇಶದ ಊರುಗಳು ಮಳೆ ನೀರನ್ನು ಏನು ಮಾಡ್ತವೆ ಅಂತ ಹುಡುಕಲು ಕೂತೆ. ಹಾಗೆ ಸಿಕ್ಕಿದ್ದು ವುಹಾನ್. ಮೂರು ತಿಂಗಳು ಶನಿವಾರ, ಭಾನುವಾರ ಅದೇ ಓದು.

ಯಾಂಗ್ಟ್ಸೆ ಮತ್ತು ಹಾನ್ ನದಿಗಳು ಕೂಡುವ ಜಾಗದಲ್ಲಿದೆ ವುಹಾನ್. ನೂರು ಕೆರೆಗಳ ಊರು ಅಂತಲೇ ಅದಕ್ಕೆ ಹೆಸರು. ಊರು ಬೆಳೆದಂತೆ ಎಷ್ಟೋ ಕೆರೆಗಳಿಗೆ ಮಣ್ಣು ತುಂಬಿ ಬಡಾವಣೆ ಮಾಡಿದರು. ಬೆಂಗಳೂರಿನ ಕಥೆಯೇ! ಮಳೆ ಬಂದರೆ ನೀರು ತನ್ನ ಹಳೇ ಜಾಗ ಹುಡುಕಿಕೊಂಡು ಬರುತ್ತಿತ್ತು. 2015ರಲ್ಲಿ ಚೀನಾ ಸರ್ಕಾರ 16 ಊರುಗಳನ್ನು ಆರಿಸಿ ಒಂದು ಪ್ರಯೋಗ ಶುರು ಮಾಡಿತು. ಅದರಲ್ಲಿ ವುಹಾನ್ ಕೂಡ ಇತ್ತು. ಯೋಜನೆಯ ಹೆಸರು ‘ಸ್ಪಂಜಿನ ನಗರ’.

ವಿಚಾರ ಸರಳ. ಬಿದ್ದ ಮಳೆಯನ್ನು ಪೈಪಿಗೆ ತಳ್ಳಿ ಓಡಿಸೋದಲ್ಲ. ಬಿದ್ದಲ್ಲೇ ನಿಲ್ಲಿಸಿ, ಇಂಗಿಸಿ, ಉಳಿದಿದ್ದನ್ನು ನಿಧಾನವಾಗಿ ಬಿಡೋದು. ಅದಕ್ಕೇ ನೀರು ಇಳಿಯುವಂಥ ಇಟ್ಟಿಗೆಯ ಕಾಲುದಾರಿ, ರಸ್ತೆ ಬದಿಯಲ್ಲಿ ತಗ್ಗಾದ ಗಿಡದ ಮಡಿ, ಉದ್ಯಾನದಲ್ಲಿ ಹೊಂಡ, ಮನೆ ಮಾಳಿಗೆ ಮೇಲೆ ಹಸಿರು. ಬಿದ್ದ ಮಳೆಯಲ್ಲಿ ಶೇ 70ರಷ್ಟನ್ನು ಅಲ್ಲೇ ಹಿಡಿಯಬೇಕು, 2020ಕ್ಕೆ ನಗರ ಪ್ರದೇಶದ ಶೇ 20 ಭಾಗ, 2030ಕ್ಕೆ ಶೇ 80 ಭಾಗ ಹೀಗಾಗಬೇಕು ಅನ್ನೋದು ದೇಶದ ಗುರಿ. ಈ ವಿಚಾರಕ್ಕೆ ಬಲ ಕೊಟ್ಟವರು ಯು ಕೊಂಗ್‌ಜಿಯನ್. ಝೆಜಿಯಾಂಗ್ ಪ್ರಾಂತ್ಯದ ಒಂದು ರೈತ ಹಳ್ಳಿಯಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ ಓದಿ, ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು.

ಎಲ್ಲವೂ ಗೆದ್ದಿತು ಅಂತಲ್ಲ. 2016ರ ಜುಲೈನಲ್ಲಿ ವುಹಾನ್ ಮತ್ತೆ ಮುಳುಗಿತು. 2021ರ ಜುಲೈ 20ರಂದು ಝೆಂಗ್‌ಝೌ ಎಂಬ ಇನ್ನೊಂದು ಊರಲ್ಲಿ ಒಂದೇ ತಾಸಿಗೆ 201.9 ಮಿಲಿಮೀಟರ್ ಮಳೆ ಸುರಿದು, ಮೆಟ್ರೊ ಸುರಂಗದಲ್ಲೇ 14 ಜನ ತೀರಿಕೊಂಡರು. ಅಲ್ಲೂ ಸ್ಪಂಜಿನ ಕೆಲಸಕ್ಕೆ ದುಡ್ಡು ಸುರಿದಿದ್ದರು. ಸ್ಪಂಜು ಹೀರಿಕೊಳ್ಳೋದಕ್ಕೂ ಒಂದು ಮಿತಿ ಇರುತ್ತಲ್ಲ. ಇದನ್ನೆಲ್ಲ ಆಫೀಸಿನಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು. ಅಲ್ಲಿಗೆ ಮುಗೀತು ಅಂದುಕೊಂಡೆ.

ಈಗ ನಮ್ಮೂರಿಗೆ ಬನ್ನಿ. ಕಮಲಾಪುರದಿಂದ ಕಂಪ್ಲಿ ಕಡೆ ಹೊರಟರೆ ಬುಕ್ಕಸಾಗರ ಸಿಗುತ್ತೆ. ಪಕ್ಕದಲ್ಲೇ ತುಂಗಭದ್ರೆ, ಹೊಳಿ ಆಚೆ ಕಡೇಬಾಗಿಲು. ಸುತ್ತ ಬಾಳೆ, ಭತ್ತ, ಕಬ್ಬು. 1953ರಲ್ಲಿ ಡ್ಯಾಮ್ ಆಗೋಕೆ ನೂರಾರು ವರ್ಷ ಮುಂಚೆಯೇ ಈ ಸೀಮೆಯಲ್ಲಿ ವಿಜಯನಗರದವರು ತೆಗೆಸಿದ ಕಾಲುವೆಗಳಿದ್ದವು. ತುರ್ತು ಕಾಲುವೆಯಂಥವು ಇವತ್ತಿಗೂ ಹರೀತಾವೆ. ನೀರಿನ ವಿಷಯದಲ್ಲಿ ನಾವು ಯಾರ ಹತ್ತಿರವೂ ಹೇಳಿಸಿಕೊಳ್ಳಬೇಕಿಲ್ಲ ಅನ್ನೋ ಜಂಬ ನನಗೂ ಇತ್ತು.

ನಮ್ಮ ಅಂಗಳ ಮೂವತ್ತು ಅಡಿಗೆ ನಲವತ್ತು. ಮಣ್ಣಿನ ನೆಲ, ಒಂದು ಮೂಲೆಯಲ್ಲಿ ತಗ್ಗು. ಬಚ್ಚಲ ನೀರು, ಮಳೆ ನೀರು ಎರಡೂ ಆ ತಗ್ಗಿಗೆ ಹೋಗುತ್ತಿದ್ದವು. ಅಲ್ಲಿ ನಾಲ್ಕು ಬಾಳೆ, ಒಂದು ಕರಿಬೇವು. 2024ರ ಬೇಸಿಗೆಯಲ್ಲಿ ತಂಗಿ ಮದುವೆ. ಬೀಗರು ಬರೋ ಮನೆ, ಕೆಸರು ತುಳೀಬಾರದು ಅಂತ ಅಪ್ಪ ಅಂದರು. ನಾನು ಬೆಂಗಳೂರಿನಿಂದಲೇ ಫೋನಿನಲ್ಲಿ ರೊಕ್ಕ ಹಾಕಿದೆ. ಗರಸು ಹೊಡೆಸಿ ಅಂಗಳ ಎತ್ತರ ಮಾಡಿ, ಬಾಳೆ ಕಡಿಸಿ, ತಗ್ಗು ಮುಚ್ಚಿಸಿ, ಗೋಡೆಯಿಂದ ಗೋಡೆಗೆ ಕಾಂಕ್ರೀಟ್ ಹಾಕಿಸಿದ್ವಿ. ಮದುವೆ ಫೋಟೊದಲ್ಲಿ ಅಂಗಳ ಚೆಂದ ಬಂದಿದೆ. ಸ್ಪಂಜಿನ ನಗರ ಓದಿದ ಮನುಷ್ಯನಿಗೆ ಆಗ ಒಂದು ಮಾತೂ ಹೊಳೆಯಲಿಲ್ಲ.

ಅದೇ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಕೊಂಡು ಹೋಯಿತು. ನಾನಿಲ್ಲಿ ನಿದ್ದೆಗೆಟ್ಟು ತಾಸಿಗೊಮ್ಮೆ ಅವ್ವನಿಗೆ ಫೋನ್ ಮಾಡ್ತಿದ್ದೆ. ಹೊಳಿ ನೀರು ನಮ್ಮ ಓಣಿಗೆ ಬರಲಿಲ್ಲ. ಬದುಕಿದ್ವಿ ಅಂದುಕೊಂಡೆ.

ಮಳೆಗಾಲದ ಕೊನೆಗೆ ಒಂದು ರಾತ್ರಿ ಜೋರು ಮಳೆ. ಬೆಳಿಗ್ಗೆ ಅವ್ವನ ಫೋನು. ದೊಡ್ಡವ್ವನ ಮನೆ ನೆಲ ನಮ್ಮ ಅಂಗಳಕ್ಕಿಂತ ಕೆಳಗಾಗಿತ್ತಂತೆ. ನೀರು ಹೊಸ್ತಿಲು ದಾಟಿ ಒಳಗೆ ಹೋಗಿ ಎರಡು ಚೀಲ ಜೋಳ ನೆನೆದಿತ್ತು. ದೊಡ್ಡವ್ವ ಜಗಳ ಮಾಡಲಿಲ್ಲ. ಒಂದು ಮಾತು ಅಂದಳಂತೆ: “ಹೊಳಿ ನೀರು ಬಂದಿದ್ರ ಎಲ್ಲಾರ ಮನಿಗೂ ಬರ್ತಿತ್ತು. ಇದು ನಿಮ್ಮ ಅಂಗಳದ ನೀರವ್ವ, ನಮಗೊಬ್ಬರಿಗೇ ಬಂತು.”

ಆ ಮಾತು ಕೇಳಿ ಲೆಕ್ಕ ಹಾಕಿದೆ. ಸಾವಿರದ ಇನ್ನೂರು ಚದರಡಿ ಅಂದರೆ ಸುಮಾರು 111 ಚದರ ಮೀಟರ್. 50 ಮಿಲಿಮೀಟರ್ ಮಳೆ ಬಂದರೆ ಐದೂವರೆ ಸಾವಿರ ಲೀಟರ್ ನೀರು, ಒಂದು ಸಣ್ಣ ಟ್ಯಾಂಕರ್. ಮೊದಲು ಅದರಲ್ಲಿ ದೊಡ್ಡ ಪಾಲು ನಮ್ಮ ಮಣ್ಣು, ಬಾಳೆ ಕುಡೀತಿದ್ದವು. ಈಗ ಅಷ್ಟನ್ನೂ ಒಬ್ಬ ವಯಸ್ಸಾದ ಹೆಂಗಸಿನ ಬಾಗಿಲಿಗೆ ಕಳಿಸಿದ್ದೆ. ವುಹಾನ್‌ನಲ್ಲಿ ಕೆರೆ ಮುಚ್ಚಿದವರನ್ನು ಬೈದಿದ್ದ ನಾನು ಮಾಡಿದ್ದೂ ಅದೇ, ಅಳತೆ ಮಾತ್ರ ಚಿಕ್ಕದು.

ದೀಪಾವಳಿಗೆ ಊರಿಗೆ ಹೋದಾಗ ಕಾಂಕ್ರೀಟ್ ಒಡೆಸೋಣ ಅಂದೆ. ಅಪ್ಪನಿಗೆ ಸಿಟ್ಟು ಬಂತು. “ಹಾಕಾಕೂ ರೊಕ್ಕ, ಒಡಿಯಾಕೂ ರೊಕ್ಕ. ಇದನ್ನೇನು ನೀನು ಓದಿದ್ದು?” ಉತ್ತರ ಇರಲಿಲ್ಲ. ಕೊನೆಗೆ ಪೂರ್ತಿ ಬೇಡ ಅಂತ ಒಪ್ಪಂದ ಆಯಿತು. ದೊಡ್ಡವ್ವನ ಗೋಡೆಗುಂಟ ಮೂರಡಿ ಅಗಲ, ಅಂಗಳದಷ್ಟು ಉದ್ದ ಒಡೆಸಿದ್ವಿ. ಗರಸು ತೆಗೆಸಿ ಆಳ ತೋಡಿಸಿ, ಕೆಳಗೆ ದಪ್ಪ ಜಲ್ಲಿ, ಮೇಲೆ ಮರಳು, ಮಣ್ಣು. ಮಾಳಿಗೆ ಪೈಪನ್ನೂ ಅದಕ್ಕೇ ತಿರುಗಿಸಿದ್ವಿ. ಹೆಚ್ಚಾದ ನೀರು ರಸ್ತೆ ಗಟಾರಕ್ಕೆ ಹೋಗೋ ಹಾಗೆ ಒಂದು ಕಿಂಡಿ. ಬಾಳೆ ಕಂದು ದೊಡ್ಡವ್ವನ ಹಿತ್ತಲಿಂದಲೇ ತಂದು ನೆಟ್ಟಳು ಅವ್ವ. ಎರಡು ಚೀಲ ಜೋಳ ಕೊಡೋಕೆ ಹೋದಾಗ ದೊಡ್ಡವ್ವ ಒಂದೇ ಚೀಲ ಇಟ್ಟುಕೊಂಡಳು. ಇನ್ನೊಂದನ್ನು ಒಣಗಿಸಿ ಎಮ್ಮಿಗೆ ಹಾಕೀನಿ ಬಿಡು ಅಂದಳು.

2025ರ ಸೆಪ್ಟೆಂಬರ್‌ನಲ್ಲಿ ಯು ಕೊಂಗ್‌ಜಿಯನ್ ಬ್ರೆಜಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಸುದ್ದಿ ಓದಿದೆ. ಅವತ್ತು ಅವ್ವನಿಗೆ ಫೋನ್ ಮಾಡಿ ಅಂಗಳದ ನೀರಿನ ಸುದ್ದಿ ಕೇಳಿದೆ. ಆ ವರ್ಷದ ಮಳೆಗೆ ಮಡಿಯಲ್ಲಿ ರಾತ್ರಿ ನಿಂತ ನೀರು ಬೆಳಿಗ್ಗೆ ಅಷ್ಟೊತ್ತಿಗೆ ಇಂಗಿರುತ್ತಿತ್ತಂತೆ. ಒಂದು ದೊಡ್ಡ ಮಳೆಗೆ ಮಾತ್ರ ತುಂಬಿ ಕಿಂಡಿಯಿಂದ ಹೊರಗೆ ಹರಿದಿತ್ತು. ದೊಡ್ಡವ್ವನ ಹೊಸ್ತಿಲು ಒಣಗೇ ಇತ್ತು.

ನೀವೂ ಅಂಗಳಕ್ಕೆ ಕಾಂಕ್ರೀಟ್ ಹಾಕಿಸೋ ಯೋಚನೆಯಲ್ಲಿದ್ದರೆ, ಒಂದು ಮಳೆಯಲ್ಲಿ ಹೊರಗೆ ನಿಂತು ನೀರು ಎತ್ತ ಹೋಗುತ್ತೆ ನೋಡಿ. ಪಕ್ಕದ ಮನೆಯವರ ಹೊಸ್ತಿಲು ಎಷ್ಟು ಎತ್ತರ ಇದೆ ಅನ್ನೋದನ್ನೂ ನೋಡಿ. ನಾನು ಮೂರು ತಿಂಗಳು ಓದಿ ನೋಡದೇ ಹೋಗಿದ್ದು ಅದೊಂದನ್ನೇ.

ದೊಡ್ಡವ್ವ ಈಗಲೂ ಜೋಳದ ಚೀಲವನ್ನು ನಾಲ್ಕು ಇಟ್ಟಿಗೆ ಮೇಲೆ ಇಡ್ತಾಳೆ. “ಇನ್ನೇನು ನೀರು ಬರಂಗಿಲ್ಲ ದೊಡ್ಡವ್ವ” ಅಂದರೆ ನಗ್ತಾಳೆ. “ಬಾಳಿ ಇರಲಿ ತಮ್ಮಾ, ಇಟ್ಟಂಗಿನೂ ಇರಲಿ.”