“ಬಲ್ಬ್ ಗಟ್ಟಿ ಆತ್ತಾ?”

ಗಂಗೊಳ್ಳಿ ಅಳಿವೆಯ ಬಾಯಲ್ಲಿ ದೋಣಿಯ ಮೋಟಾರು ನಿಂತರೆ ಯೋಚನೆ ಮಾಡುತ್ತ ಕೂರಲು ಹೊತ್ತಿರುವುದಿಲ್ಲ. ಪಂಚಗಂಗಾವಳಿಯ ಇಳಿತದ ನೀರು ಹಿಂದಿನಿಂದ ತಳ್ಳುತ್ತದೆ, ಮಳೆಗಾಲದ ತೆರೆ ಎದುರಿಗೆ ಬರುತ್ತದೆ. ಹಾಗೆ ನಿಂತ ಮೋಟಾರುಗಳನ್ನು ಮೂವತ್ತೈದು ವರ್ಷ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ ಒಬ್ಬರು ಅಲ್ಲೇ ದಡದ ಮೇಲಿದ್ದಾರೆ. ಅವರ ಲೆಕ್ಕದಲ್ಲಿ ಮೋಟಾರು ಕೆಡುವುದು ಅಪರೂಪ. ಕೆಡುವುದು ಕ್ಯಾನಿನಿಂದ ಕಾರ್ಬ್ಯುರೇಟರಿನವರೆಗಿನ ಒಂದೂವರೆ ಮಾರು ದಾರಿ.

ಅವರು ಈ ಕೆಲಸಕ್ಕೆ ಬಂದದ್ದು 1980ರ ದಶಕದ ಕೊನೆಗೆ. ಅದಕ್ಕೂ ಹತ್ತು ಹನ್ನೆರಡು ವರ್ಷ ಮೊದಲು ಯಾಂತ್ರಿಕ ಪರ್ಸೀನ್ ದೋಣಿಗಳು ಬಂದು, ದಡದಿಂದ ಎಳೆಯುವ ರಂಪಣಿ ಬಲೆಯ ಕಾಲ ಮುಗಿಯುತ್ತ ಬಂದಿತ್ತು. ಹುಟ್ಟು ಹಾಕಿಯೇ ಕಡಲಿಗಿಳಿಯುತ್ತಿದ್ದ ನಾಡದೋಣಿಯವರ ಕೈಗೆ ಆಗಷ್ಟೇ ಯಮಹಾ, ಸುಜುಕಿ ಔಟ್‌ಬೋರ್ಡ್ ಮೋಟಾರುಗಳು ಸಿಗತೊಡಗಿದ್ದವು. ಅವು ಓಡುತ್ತಿದ್ದದ್ದು ಚಿಮಿಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ. ತಣ್ಣಗಿರುವ ಎಂಜಿನ್ನಿನಲ್ಲಿ ಚಿಮಿಣಿ ಎಣ್ಣೆ ಆವಿಯಾಗುವುದಿಲ್ಲ. ಹಾಗಾಗಿ ಹಗ್ಗ ಎಳೆದು ಸ್ಟಾರ್ಟ್ ಮಾಡುವುದು ಪೆಟ್ರೋಲಿನಲ್ಲಿ. ಎಂಜಿನ್ ಬಿಸಿಯಾದ ಮೇಲೆ ಚಾವಿ ತಿರುಗಿಸಿ ಸೀಮೆಎಣ್ಣೆಗೆ. ದಡ ಹತ್ತಿರವಾದಾಗ ಮತ್ತೆ ಪೆಟ್ರೋಲಿಗೆ. ಈ ಕೊನೆಯ ತಿರುವನ್ನು ಮರೆತವರೇ ಬೆಳಿಗ್ಗೆ ನಾಲ್ಕಕ್ಕೆ ಬಂದು ಅವರ ಬಾಗಿಲು ಬಡಿಯುತ್ತಿದ್ದರು. ಕಾರ್ಬ್ಯುರೇಟರಿನ ಬಟ್ಟಲಲ್ಲಿ ಹಿಂದಿನ ದಿನದ ಸೀಮೆಎಣ್ಣೆ ತುಂಬಿ ಕೂತಿದ್ದರೆ ಭುಜ ಕಳಚುವಷ್ಟು ಹಗ್ಗ ಎಳೆದರೂ ಎಂಜಿನ್ ಕೆಮ್ಮುವುದೇ ಇಲ್ಲ. ಬಟ್ಟಲಿನ ಅಡಿಯ ಸ್ಕ್ರೂ ಸಡಿಲಿಸಿ ಎಣ್ಣೆ ಬಸಿದು, ಪೆಟ್ರೋಲು ಇಳಿಸಿದರೆ ಐದು ನಿಮಿಷದ ಕೆಲಸ. ಅದಕ್ಕೆ ದುಡ್ಡು ಕೇಳಲು ಅವರಿಗೆ ಸಂಕೋಚವಾಗುತ್ತಿತ್ತು.

ನೀರಿನ ಕಥೆ ಬೇರೆ. ರಿಯಾಯಿತಿ ಪರ್ಮಿಟ್ಟಿನ ನೀಲಿ ಸೀಮೆಎಣ್ಣೆ ಬ್ಯಾರೆಲ್ಲಿನಿಂದ ಕ್ಯಾನಿಗೆ, ಕ್ಯಾನಿನಿಂದ ದೋಣಿಗೆ ಇಳಿಯುವ ದಾರಿಯಲ್ಲಿ ಎಲ್ಲೋ ಮಳೆಹನಿ, ಎಲ್ಲೋ ಉಪ್ಪುನೀರು ಸೇರಿಕೊಳ್ಳುತ್ತಿತ್ತು. ಹಳೆಯ ಪಂಚೆ ಕಟ್ಟಿ ಸೋಸುವುದು ಊರ ರೂಢಿ. ಪಂಚೆಯಲ್ಲಿ ಕಸ ನಿಲ್ಲುತ್ತಿತ್ತು, ನೀರು ಆರಾಮವಾಗಿ ಇಳಿದುಹೋಗುತ್ತಿತ್ತು. ಬಟ್ಟಲು ಬಿಚ್ಚಿದರೆ ಅಲ್ಯುಮಿನಿಯಂ ಮೇಲೆ ಬಿಳಿ ಪುಡಿ, ಜೆಟ್ಟಿನ ತೂತು ಮುಚ್ಚಿರುತ್ತಿತ್ತು. ಆದರೂ ಆ ಕಾಲದ ನೀರು ಒಂದು ರೀತಿಯಲ್ಲಿ ಪ್ರಾಮಾಣಿಕ ಎನ್ನುತ್ತಾರೆ ಅವರು. ಗಾಜಿನ ಬಾಟಲಿಗೆ ಎಣ್ಣೆ ಹಿಡಿದು ಸ್ವಲ್ಪ ಹೊತ್ತು ಬಿಟ್ಟರೆ ಸಾಕು, ಭಾರದ ನೀರು ಅಡಿಗಿಳಿದು ಗೆರೆ ಎಳೆದ ಹಾಗೆ ಕಾಣಿಸುತ್ತಿತ್ತು. ಮೇಲಿನ ಎಣ್ಣೆ ಬಗ್ಗಿಸಿಕೊಂಡರೆ ಮುಗಿಯಿತು.

ಉಳಿದ ಕಾಯಿಲೆಗಳನ್ನು ಅವರು ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಹಿಡಿದೇ ಹೇಳುತ್ತಿದ್ದರು. ಎಷ್ಟು ಒತ್ತಿದರೂ ಬಲ್ಬ್ ಗಟ್ಟಿಯಾಗದಿದ್ದರೆ, ಕ್ಯಾನು ಖಾಲಿಯಿಲ್ಲದ ಪಕ್ಷದಲ್ಲಿ, ಪೈಪು ಎಲ್ಲೋ ಗಾಳಿ ಎಳೆಯುತ್ತಿದೆ. ಗಟ್ಟಿಯಾಗಿಯೇ ನಿಂತು ಎಂಜಿನ್ನಿಗೆ ಎಣ್ಣೆ ಹೋಗದಿದ್ದರೆ ಮುಂದೆ ಫಿಲ್ಟರು ಕಟ್ಟಿದೆ, ಇಲ್ಲವೇ ಕಾರ್ಬ್ಯುರೇಟರಿನ ಸೂಜಿ ಅಂಟಿದೆ. ಬಲ್ಬ್ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗಿದ್ದರೆ ಅವರು ಮೋಟಾರಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

“ಮುಚ್ಚಳದ್ ಗಾಳಿ ಬಿಟ್ಟಿದ್ಯಾ ಮಾರಾಯಾ?”

ಬಿಟ್ಟಿರುತ್ತಿರಲಿಲ್ಲ. ಕ್ಯಾನಿನ ಮುಚ್ಚಳದ ಮೇಲಿನ ಆ ಪುಟ್ಟ ಸ್ಕ್ರೂ ತೆರೆಯದಿದ್ದರೆ ಎಣ್ಣೆ ಖಾಲಿಯಾದ ಜಾಗಕ್ಕೆ ಗಾಳಿ ಬರುವುದಿಲ್ಲ. ಮೋಟಾರು ಸ್ವಲ್ಪ ದೂರ ಚೆನ್ನಾಗಿಯೇ ಓಡಿ, ಸರಿಯಾಗಿ ಅಳಿವೆ ದಾಟುವ ಹೊತ್ತಿಗೆ ಉಸಿರು ಕಟ್ಟಿ ನಿಲ್ಲುತ್ತದೆ. ಬಲ್ಬನ್ನೇ ತಿರುವುಮುರುವು ಹಾಕಿಕೊಂಡು ಬಂದವರೂ ಇದ್ದರು. ಬಾಣದ ಗುರುತು ಮೋಟಾರಿನ ಕಡೆಗಿರಬೇಕು ಎಂದು ಎಷ್ಟು ಸಲ ಹೇಳಿದ್ದರೋ.

ಅವರಿಗೆ ಚೆನ್ನಾಗಿ ನೆನಪಿರುವುದು ಒಂದು ಜುಲೈ. ಯಾಂತ್ರಿಕ ದೋಣಿಗಳಿಗೆ ಮಳೆಗಾಲದ ಮೀನುಗಾರಿಕೆ ನಿಷೇಧ. ಈಗ ಅದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ. 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗಳಿಗೆ ವಿನಾಯಿತಿ. ಮೀನಿಗೆ ಒಳ್ಳೆಯ ದರ, ಕಡಲಿಗೆ ಕೆಟ್ಟ ಕೋಪ. ಮಾಟುಬಲೆ ಬಿಡಲು ಹೋದ ದೋಣಿಯೊಂದರ ಮೋಟಾರು ನಿಂತಿತು. ಬಲ್ಬ್ ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ದೋಣಿಯಲ್ಲಿದ್ದ ಹುಡುಗನೊಬ್ಬ ಕ್ಯಾನಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ಬದಲಾಯಿಸುತ್ತ, ದಡ ಮುಟ್ಟುವವರೆಗೂ ಬಲ್ಬ್ ಒತ್ತಿದ. ಬಂದಾಗ ಅವನ ಬೆರಳು ಮಡಚಲಾಗುತ್ತಿರಲಿಲ್ಲ. ಮೆಕ್ಯಾನಿಕ್ ಫ್ಯೂಯೆಲ್ ಪಂಪ್ ಬಿಚ್ಚಿದರು. ಒಳಗೆ ಕಾಗದದಷ್ಟು ತೆಳ್ಳಗಿನ ಪೊರೆ ಹರಿದಿತ್ತು. ಎಂಜಿನ್ನಿನ ಒಳಗಾಳಿಯ ಒತ್ತಡಕ್ಕೆ ಮಿಡಿದು ಎಣ್ಣೆ ಎಳೆಯುವುದು ಅದೇ. ಅದರ ಕೆಲಸವನ್ನೇ ಹುಡುಗನ ಕೈ ಮಾಡಿತ್ತು. ಅಂದಿನಿಂದ ಅವರ ಅಂಗಿ ಕಿಸೆಯಲ್ಲಿ ಬೀಡಿಯ ಜೊತೆಗೆ ಒಂದು ಪೊರೆ ಇರುವುದು ರೂಢಿಯಾಯಿತು. ಎರಡನ್ನೂ ಒಂದೇ ಕಿಸೆಯಲ್ಲಿ ಇಡಬೇಡಿ ಎಂದು ಮನೆಯವರು ಹೇಳುತ್ತಲೇ ಇದ್ದರು.

ಈಚೆಗೆ ರಿಯಾಯಿತಿಯ ಸೀಮೆಎಣ್ಣೆ ನೆಚ್ಚಿಕೊಳ್ಳುವಂತಿಲ್ಲ. ಕೆಲವು ತಿಂಗಳು ಬಂತು, ಕೆಲವು ತಿಂಗಳು ಬರಲಿಲ್ಲ, ಮೀನುಗಾರರು ಬೀದಿಗಿಳಿದರು. 2023ರ ರಾಜ್ಯ ಬಜೆಟ್ಟಿನಲ್ಲಿ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿಗೆ ಬದಲಾಗುವವರಿಗೆ 50 ಸಾವಿರ ರೂಪಾಯಿ ಸಹಾಯಧನದ ಮಾತು ಬಂತು. ಅದೇ ವರ್ಷ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ. 20 ಎಥೆನಾಲ್ ಬೆರೆತ ಪೆಟ್ರೋಲೂ ಬಿಡುಗಡೆಯಾಯಿತು. ಎರಡು ಸುದ್ದಿಗೂ ಸಂಬಂಧವಿಲ್ಲ. ಅವೆರಡೂ ಕೂಡಿದ್ದು ದೋಣಿಯ ಕ್ಯಾನಿನಲ್ಲಿ.

ಎಥೆನಾಲ್ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಹಳೆಯ ಬಾಟಲಿ ಪರೀಕ್ಷೆಯಲ್ಲಿ ಈಗ ಗೆರೆ ಕಾಣುವುದಿಲ್ಲ. ನೀರಿದ್ದರೂ ಪೆಟ್ರೋಲು ತಿಳಿಯಾಗಿಯೇ ಇರುತ್ತದೆ. ನೀರು ಮಿತಿ ಮೀರಿದ ದಿನ ಎಥೆನಾಲನ್ನೂ ಕರೆದುಕೊಂಡು ಒಟ್ಟಿಗೆ ಅಡಿಗಿಳಿಯುತ್ತದೆ, ಎಣ್ಣೆ ಎಳೆಯುವ ಪೈಪಿನ ಬಾಯಿಯೂ ಅಡಿಯಲ್ಲೇ. ಹಳೆಯ ಪೈಪಿನ ರಬ್ಬರು ಉಬ್ಬಿ ಒಳಗಿಂದ ಸಿಪ್ಪೆ ಬಿಡುತ್ತದೆ, ಕ್ಯಾನಿನ ತಳದ ವರ್ಷಗಳ ಜಿಡ್ಡು ಕರಗಿ ಜೆಟ್ಟಿಗೆ ಬಂದು ಕೂರುತ್ತದೆ. ತಿಂಗಳುಗಟ್ಟಲೆ ಎಣ್ಣೆ ತುಂಬಿಟ್ಟ ಕ್ಯಾನನ್ನು ಅವರು ಈಗ ಮುಟ್ಟುವ ಮೊದಲೇ ಖಾಲಿ ಮಾಡಿಸುತ್ತಾರೆ. ದೋಣಿಯವರಿಗೆ ಇದು ದುಂದಾಗಿ ಕಾಣುತ್ತದೆ, ಜಗಳವೂ ಆಗುತ್ತದೆ.

ಕಣ್ಣು ಮಂಜಾದ ಮೇಲೆ ಅವರು ದೋಣಿ ಹತ್ತುವುದು ಕಡಿಮೆ. ಫೋನು ಮಾತ್ರ ಬರುತ್ತಲೇ ಇರುತ್ತದೆ, ದಡದ ಸಿಗ್ನಲ್ ಸಿಗುವಷ್ಟು ದೂರದಿಂದ.

“ಒತ್ತ್ ಕಾಂಬ. ಬಲ್ಬ್ ಗಟ್ಟಿ ಆತ್ತಾ?”

“ಆತಿಲ್ಲೆ.”

“ಪೈಪ್ ಸಿಕ್ಸು ಜಾಗದಾಗ್ ಗಾಳಿ ಎಳಿತ್ತಾ ಕಾಣ್. ಕ್ಲಿಪ್ ಬಿಗಿ ಮಾಡ್.”

ಅತ್ತ ಹಗ್ಗ ಎಳೆಯುವ ಸದ್ದು, ಮತ್ತೊಮ್ಮೆ ಎಳೆಯುವ ಸದ್ದು, ಆಮೇಲೆ ಎಂಜಿನ್ನಿನ ಗದ್ದಲದಲ್ಲಿ ಮಾತು ಕೇಳಿಸದಾಗುತ್ತದೆ. ಫೋನಿನ ರಿಪೇರಿಗೆ ಎಷ್ಟು ತೆಗೆದುಕೊಳ್ಳಬೇಕು ಎಂಬುದು ಅವರಿಗೆ ಇನ್ನೂ ಬಗೆಹರಿದಿಲ್ಲ. ಸಂಜೆ ಯಾರೋ ಒಂದು ತೊಟ್ಟೆ ಬಂಗುಡೆ ಜಗಲಿಯ ಮೇಲಿಟ್ಟು ಹೋಗುತ್ತಾರೆ.