ಮೂಗಿಗೆ ಗೊತ್ತಿರುವ ಹೆಸರು

ಹಂದನಕೆರೆ ಸೀಮೆಯಲ್ಲಿ ಅಟ್ಟದ ಕಾಯಿ ಕೊಬ್ಬರಿಯಾಯಿತೇ ಎಂದು ತಿಳಿಯಲು ಯಾರೂ ಒಡೆದು ನೋಡುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ತಿಂಗಳುಗಟ್ಟಲೆ ಅಟ್ಟದಲ್ಲಿದ್ದು ನೀರು ಬತ್ತಿ, ತಿರುಳು ಕರಟ ಬಿಟ್ಟು ಒಳಗೇ ಉರುಳುವ ಸದ್ದೇ ಬೇರೆ. ಒಡೆದ ಮೇಲೆ ಕೌಟು ಹಿಡಿದಿದ್ದರೆ ಅದನ್ನು ಮೊದಲು ಹೇಳುವುದು ಮೂಗು.

ಅಂಥ ಮನೆಯ ಹುಡುಗಿಯೊಬ್ಬಳು ಆಹಾರ ತಂತ್ರಜ್ಞಾನ ಓದಲು ಬೆಂಗಳೂರಿಗೆ ಬಂದಳು. ರುಚಿ ಪರೀಕ್ಷೆಯ ದಿನ ಎದುರಿಗಿದ್ದದ್ದು ಎರಡು ಲೋಟ ದ್ರಾಕ್ಷಿರಸ. ಲೋಟದ ಮೇಲೆ ಹೆಸರಿಲ್ಲ, ಮೂರಂಕಿಯ ಗುರುತು ಮಾತ್ರ; ಬಣ್ಣ ತಿಳಿಯದಂತೆ ಕೋಣೆಯಲ್ಲಿ ಕೆಂಪು ದೀಪ. ವೈನ್ ಪರೀಕ್ಷಕರು ತಳಿ ಗುರುತಿಸುವುದೂ ಹೀಗೆ ಹೆಸರು ಮುಚ್ಚಿಟ್ಟೇ. (ತಂದೆತಾಯಂದಿರು ಗಾಬರಿಯಾಗಬೇಕಿಲ್ಲ, ಅವರು ಸಾಮಾನ್ಯವಾಗಿ ನುಂಗುವುದಿಲ್ಲ, ಉಗುಳುತ್ತಾರೆ.) ಬಣ್ಣ ಮರೆಮಾಡುವುದಕ್ಕೂ ಕಾರಣವುಂಟು. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ವರ್ಣಿಸಿದರು! ಆ ಅಧ್ಯಯನ ಪ್ರಕಟವಾದದ್ದು 2001ರಲ್ಲಿ.

ಮೊದಲ ಲೋಟ ಮೂಗಿಗೆ ಹಿಡಿದೊಡನೆ ಹುಡುಗಿಗೆ ಸಂತೆಯ ಕಪ್ಪು ದ್ರಾಕ್ಷಿ ನೆನಪಾಯಿತು. 'ಬೆಂಗಳೂರು ಬ್ಲೂ' ಎಂದು ಬರೆದಳು. ಸರಿಯಾಗಿತ್ತು. 2013ರಲ್ಲಿ ಭೌಗೋಳಿಕ ಗುರುತು ಪಡೆದ ಈ ತಳಿಯ ಆ ಗಾಢ ವಾಸನೆಗೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್. ದ್ರಾಕ್ಷಿ ಪೆಪ್ಪರಮೆಂಟಿಗೆ ಬೆರೆಸುವುದೂ ಅದನ್ನೇ.

ಎರಡನೆಯದರಲ್ಲಿ ಹೂವಿನ ಕಂಪು. ಹೆಸರು ಹೊಳೆಯಲಿಲ್ಲ. ಪಕ್ಕದ ಹುಡುಗ ಎಲ್ಲೋ ಓದಿದ್ದ 'ಕೆಂಪು ಮಸ್ಕಡೈನ್' ಎಂದು ಬರೆದ. ಇವಳು 'ಗೊತ್ತಿಲ್ಲ' ಎಂದು ಬರೆದಳು. ಅದು ದಕ್ಷಿಣ ಭಾರತದಲ್ಲಿ 'ಗುಲಾಬಿ' ಎಂದು ಕರೆಯುವ ಮಸ್ಕಟ್ ಹ್ಯಾಂಬರ್ಗ್ ದ್ರಾಕ್ಷಿ. ಮಸ್ಕಟ್, ಮಸ್ಕಡೈನ್ ಹೆಸರಿಗಷ್ಟೇ ನೆಂಟರು. ಮಸ್ಕಡೈನ್ ಅಮೆರಿಕದ ಆಗ್ನೇಯ ಭಾಗದ ಕಾಡುಬಳ್ಳಿ. ಸಿಪ್ಪೆ ದಪ್ಪ, ವರ್ಣತಂತುಗಳು 40, ಮಾಮೂಲಿ ದ್ರಾಕ್ಷಿಗೆ 38. 'ನೋಬಲ್' ಎಂಬ ಅದರ ತಳಿಯಿಂದ ಅಲ್ಲಿ ಕೆಂಪು ವೈನ್ ಮಾಡುತ್ತಾರೆ. ಅಲ್ಲಿ ಬೆಳೆದ ಮಕ್ಕಳಿಗೆ ಅದರ ವಾಸನೆ ಪರಿಚಿತವಿದ್ದೀತು. ಈ ಹುಡುಗ ಅದನ್ನು ಒಮ್ಮೆಯೂ ಮೂಸಿದವನಲ್ಲ.

ಇಬ್ಬರಿಗೂ ಸೊನ್ನೆ. ಸುದ್ದಿ ಕೇಳಿ ಊರಿನಿಂದ ಅಪ್ಪ ಫೋನಿನಲ್ಲಿ ರೇಗಿದರು: "ಏನಾದ್ರೂ ಒಂದು ಬರೀಬಾರ್ದಿತ್ತೇನಮ್ಮ? ಬಿದ್ರೆ ಒಂದು ಮಾರ್ಕು ಬೀಳ್ತಿತ್ತು."

"ಅಲ್ಲಾಡಿಸ್ದೇನೆ ಕಾಯಿಗೆ ಬೆಲೆ ಕಟ್ತೀಯೇನಪ್ಪ ನೀನು?"

ಅಪ್ಪ ಮಾತಾಡಲಿಲ್ಲ. ಭಾನುವಾರ ಅವಳು ಕೆ.ಆರ್. ಮಾರ್ಕೆಟ್ಟೆಲ್ಲ ಅಲೆದು ಕಾಲು ಕೆ.ಜಿ. ಗುಲಾಬಿ ದ್ರಾಕ್ಷಿ ಕೊಂಡು, ಹಾಸ್ಟೆಲಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಒಂದೊಂದೇ ಬಾಯಿಗೆ ಹಾಕಿಕೊಂಡಳು.